ಸಿಪಾಯಿಯ ಹೆಗಲೇರಿದವನು ಯಾರು?

ಎಲ್ಲಕ್ಕೂ ಮೂಲ, ನೆನೊನ ಮನೆಯಲ್ಲಿ ಕಾಫಿಪುಡಿ ಮುಗಿದದ್ದು.

ಚರ್ಚಿನ ದಾಖಲೆಯಲ್ಲಿ ಅವನ ಹೆಸರು ನಜ್ಜರೇನೊ ಚೆಕ್ಕರೆಲ್ಲಿ. ಇಟಲಿಯ ಈ ನಮ್ಮ ಕಸ್ತೆಲ್‌ಫೋಸ್ಕೊ ಊರಲ್ಲಿ ಅಷ್ಟುದ್ದ ಕರೆಯುವ ಪುರುಸೊತ್ತು ಯಾರಿಗಿದೆ? ನೆನೊ ಅಂದರೆ ಸಾಕು. ಅರವತ್ತನಾಲ್ಕು ವರ್ಷ, ಪುರಸಭೆಯಲ್ಲಿ ಮಾಲಿ ಕೆಲಸ. ಸೋಮವಾರ ಗುಲಾಬಿ ಗಿಡಗಳಿಗೆ ಗೊಬ್ಬರದ ಮೂಟೆ ಎತ್ತಲು ಹೋಗಿ ಸೊಂಟ ಹಿಡಿಯಿತು. ಇದು ಸುಳ್ಳಲ್ಲ, ನಾನೇ ಕಣ್ಣಾರೆ ಕಂಡಿದ್ದೇನೆ. ಎರಡು ದಿನ ಮನುಷ್ಯ ಏಣಿಯ ಹಾಗೆ ಗೋಡೆಗೆ ಒರಗಿಕೊಂಡೇ ಇದ್ದ. ಡಾಕ್ಟರು ಒಂದು ವಾರ ರಜೆ ಬರೆದುಕೊಟ್ಟರು.

ರಜೆಯೇನೋ ಸಿಕ್ಕಿತು. ಆದರೆ ನಮ್ಮಲ್ಲಿ ಕಾಯಿಲೆ ರಜೆ ಹಾಕಿದ ಸರಕಾರಿ ನೌಕರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ಸಂಜೆ ಐದರಿಂದ ಏಳು, ಮನೆ ಬಿಟ್ಟು ಕದಲುವ ಹಾಗಿಲ್ಲ. ಆ ಹೊತ್ತಿನಲ್ಲಿ ತಪಾಸಣೆ ಡಾಕ್ಟರು ಯಾವಾಗ ಬೇಕಾದರೂ ಬಂದು ಗಂಟೆ ಒತ್ತಬಹುದು. ಬಾಗಿಲು ತೆರೆಯದಿದ್ದರೆ ನೋಟಿಸು. ನೆನೊನಿಗೆ ಹಿಂದಿನ ರಜೆಗಳಲ್ಲಿ ಆಗಲೇ ಎರಡು ನೋಟಿಸು ಬಂದಿತ್ತು. ಒಂದು ಸಲ ಕೋಳಿಗೂಡಿನಲ್ಲಿದ್ದ, ಗಂಟೆ ಕೇಳಿಸಲಿಲ್ಲ. ಇನ್ನೊಂದು ಸಲ ಚೆನ್ನಾಗಿಯೇ ಕೇಳಿಸಿತ್ತು, ವಿಮೆ ಮಾರುವವನು ಅಂದುಕೊಂಡು ಮಂಚದ ಕೆಳಗೆ ಸೇರಿಕೊಂಡಿದ್ದ. “ನೆನೊ, ಇನ್ನೊಂದು ದೂರು ಬಂದ್ರೆ ನನ್ನ ಕೈಲಿ ಏನೂ ಇಲ್ಲ ಮಾರಾಯ, ಕೆಲಸ ಹೋಗುತ್ತೆ,” ಎಂದು ಪುರಸಭೆಯ ಕಾರ್ಯದರ್ಶಿ ಎರಡೂ ಕೈ ಜೋಡಿಸಿ ಹೇಳಿದ್ದರು. ಪಿಂಚಣಿಗೆ ಇನ್ನು ಮೂರೇ ವರ್ಷ ಇತ್ತು.

ಇಷ್ಟೆಲ್ಲ ಗೊತ್ತಿದ್ದೂ ಬುಧವಾರ ಹನ್ನೊಂದು ಗಂಟೆಗೆ, ಕಾಫಿ ಡಬ್ಬಿ ಅಲ್ಲಾಡಿಸಿ ನೋಡಿ, ತಳದಲ್ಲಿ ಚಮಚದಷ್ಟೂ ಪುಡಿ ಇಲ್ಲದ್ದು ಕಂಡು, ನೆನೊ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೊರಬಿದ್ದ. ಓರ್ನೆಲ್ಲಾಳ ಕಾಫಿ ಬಾರು ಅವನ ಮನೆಯಿಂದ ನಲವತ್ತು ಹೆಜ್ಜೆ. ಒಂದು ಗುಟುಕು ಕುಡಿದು ಬರುವಷ್ಟರಲ್ಲಿ ಆಕಾಶವೇನು ಕಳಚಿ ಬೀಳುತ್ತದೆಯೇ?

ಆಕಾಶ ಬೀಳಲಿಲ್ಲ, ಕಾಡುಹಂದಿ ಬಂತು. ಚರ್ಚಿನ ಹಿಂದಿನ ಇಳಿಜಾರಿನಿಂದ ಒಂದು ಕ್ವಿಂಟಲ್ ತೂಕದ ಪ್ರಾಣಿ ಚೌಕಕ್ಕೆ ನುಗ್ಗಿತು. ಬಾರಿನ ಹೊರಗೆ ಕೂತಿದ್ದವರೆಲ್ಲ ಒಳಗೆ ಓಡಿ ಬಾಗಿಲು ಹಾಕಿಕೊಂಡರು. ಸೊಂಟ ಹಿಡಿದಿದ್ದ ನೆನೊ ಹಿಂದೆ ಬಿದ್ದ. ಅವನ ಕೈಯಲ್ಲಿ ಕೆನೆ ತುಂಬಿದ ಬನ್ನು ಇತ್ತು, ಹಂದಿಯ ಕಣ್ಣು ಅದರ ಮೇಲಿತ್ತು. ಆಮೇಲೆ ಏನಾಯಿತು ಅಂತ ನೆನೊನನ್ನು ಕೇಳಿದರೆ ಅವನಿಗೂ ನೆಟ್ಟಗೆ ಗೊತ್ತಿಲ್ಲ. ಚೌಕದ ನಡುವಿನ ಯುದ್ಧಸ್ಮಾರಕದಲ್ಲಿ ಕಂಚಿನ ಸಿಪಾಯಿ ನಿಂತಿದ್ದಾನಲ್ಲ, ನೋಡುವಷ್ಟರಲ್ಲಿ ನೆನೊ ಅವನ ಹೆಗಲ ಮೇಲೆ ಕೂತಿದ್ದ. ಕೆಳಗೆ ಬಿದ್ದ ಬನ್ನನ್ನು ಹಂದಿ ನಿಧಾನವಾಗಿ ತಿಂದು, ಬಂದ ದಾರಿಯಲ್ಲೇ ಹೋಯಿತು.

ನೆನೊನನ್ನು ಇಳಿಸಿ ಮನೆಗೆ ಕಳಿಸಿದರು. ತಪಾಸಣೆ ಡಾಕ್ಟರು ಅವತ್ತು ಬರಲಿಲ್ಲ. ಬದುಕಿದೆ ಅಂದುಕೊಂಡ. ಸಂಜೆಗೆ ಸುದ್ದಿ ಬಂತು: ಔಷಧಿ ಅಂಗಡಿಯ ಮಿಕೇಲಾ ಫೋಟೊ ತೆಗೆದು ಎಲ್ಲ ಪತ್ರಿಕೆಗಳಿಗೂ ಕಳಿಸಿದ್ದಾಳೆ. ಹನ್ನೊಂದು ಇಪ್ಪತ್ತಕ್ಕೆ, ಮನೆಯಲ್ಲಿ ಮಲಗಿರಬೇಕಾದ ಹೊತ್ತಿನಲ್ಲಿ, ಸೊಂಟ ನೋವಿನ ಸರಕಾರಿ ನೌಕರ ಸ್ಮಾರಕದ ಮೇಲೆ!

ಗುರುವಾರ ಬೆಳಿಗ್ಗೆ ಎಂಟೂವರೆಗೆ ಅವನು ಬೂಟು ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಅದೇಲೆ ಅಡ್ಡ ನಿಂತಳು.

“ಎಲ್ಲಿಗೆ ಸವಾರಿ?”

“ಬಾರಿಗೆ. ಪತ್ರಿಕೇಲಿ ನನ್ನ ಹೆಸರು ಬಂದಿದ್ಯೋ ಏನೋ ನೋಡ್ಬೇಕು. ಹತ್ತು ಗಂಟೆವರೆಗೂ ಹೊರಗೆ ಹೋಗಬಹುದು, ಕಾನೂನಿದೆ.”

“ಕಾನೂನು ನಿನ್ನ ಕಟ್ಕೊಂಡಿಲ್ಲ ಕಣೋ, ನಾನು ಕಟ್ಕೊಂಡಿದೀನಿ. ಬಾಯಿ ಬಿಟ್ಟರೆ ನೋಡು. ಯಾರು ಏನು ಕೇಳಿದ್ರೂ ‘ನಂಗೊತ್ತಿಲ್ಲ’ ಅನ್ನು. ಹತ್ತಕ್ಕೆ ಮುಂಚೆ ಹಾಸಿಗೇಲಿ ಇರ್ಬೇಕು.”

“ಆಯ್ತು ಮಹಾತಾಯಿ.”

ಅವಳು ಶಾಲೆಯ ನೆಲ ಒರೆಸುವ ಕೆಲಸಕ್ಕೆ ಹೊರಟಳು. ಇವನು ಚೌಕದ ಕಡೆ ಹೊರಟ.

ಈಗ ನಮ್ಮ ಬಾರಿನ ಒಂದು ರಿವಾಜು ಹೇಳಲೇಬೇಕು. ಓರ್ನೆಲ್ಲಾ ದಿನಾ ಪತ್ರಿಕೆಗಳನ್ನು ತರಿಸಿ ಐಸ್‌ಕ್ರೀಮ್ ಪೆಟ್ಟಿಗೆಯ ಮೇಲೆ ಇಡುತ್ತಾಳೆ. ಯಾರು ಬೇಕಾದರೂ ಓದಬಹುದು ಅಂತ ಹೆಸರಿಗೆ ಮಾತ್ರ. ಯಾವ ಪತ್ರಿಕೆ ಯಾರದು ಅನ್ನುವುದು ಮೂವತ್ತು ವರ್ಷದಿಂದ ತೀರ್ಮಾನವಾಗಿ ಹೋಗಿದೆ. ಕಾರ್ಮಿಕರ ಪರವಾದ ‘ಲಾ ತೋರ್ಚಾ’ ತರ್ಚೀಸಿಯೊ ಮೇಷ್ಟ್ರದು. ದೇಶ, ಧ್ವಜ, ಶಿಸ್ತು ಅನ್ನುವ ‘ಇಲ್ ಬಲುವಾರ್ದೊ’ ನಿವೃತ್ತ ಪೊಲೀಸ್ ಅಧಿಕಾರಿ ಎಲ್ವಿಯೊ ಅವರದು. ಅವರನ್ನು ಊರೆಲ್ಲ ಸಾಹೇಬರೇ ಅನ್ನುವುದು. ಗುರುವಾರ ಬರುವ ಬಿಷಪ್ಪರ ವಾರಪತ್ರಿಕೆ ‘ಲಾ ಕಂಪಾನಾ’ ವಿಧವೆ ಪಲ್ಮಿರಾ ಅಮ್ಮನದು. ಗುಲಾಬಿ ಕಾಗದದ ಕ್ರೀಡಾ ಪತ್ರಿಕೆ ಸ್ವತಃ ಓರ್ನೆಲ್ಲಾಳದು. ಒಬ್ಬರು ಇನ್ನೊಬ್ಬರದ್ದನ್ನು ಮುಟ್ಟುವುದಿಲ್ಲ. ಒಮ್ಮೆ ಅಂಚೆಯವನು ಕನ್ನಡಕ ಮರೆತು ಬಂದು ‘ತೋರ್ಚಾ’ ಬದಲು ‘ಬಲುವಾರ್ದೊ’ ಎತ್ತಿಕೊಂಡಿದ್ದಕ್ಕೆ, ಮನೆಯಲ್ಲಿ ಎಲ್ಲ ಸರಿ ಇದೆಯಾ ಅಂತ ಜನ ಅವನ ಅಮ್ಮನನ್ನು ವಿಚಾರಿಸಿದ್ದರು.

ಇಂಥ ಬಾರಿಗೆ ನೆನೊ ನಾಲ್ಕೂ ಪತ್ರಿಕೆ ನೋಡಬೇಕು ಅಂತ ಬಂದಿದ್ದಾನೆ! ಅವನು ಇಷ್ಟು ವರ್ಷ ಓದುತ್ತಿದ್ದದ್ದು ಗೋಡೆಯ ಮೇಲೆ ಅಂಟಿಸುವ ಸಾವಿನ ಚೀಟಿಗಳನ್ನು ಮಾತ್ರ.

ಒಳಗೆ ಕಾಲಿಟ್ಟಾಗ ಕಾಫಿ ಯಂತ್ರದ ಮೇಲಿನ ಟೀವಿಯಲ್ಲಿ ನಮ್ಮ ಪ್ರಾಂತ್ಯದ ವಾರ್ತೆ ಬರುತ್ತಿತ್ತು. ಕಸ್ತೆಲ್‌ಫೋಸ್ಕೊದಲ್ಲಿ ಕಾಡುಹಂದಿ ಎಂದು ವಾರ್ತೆ ಓದುವ ಹೆಣ್ಣುಮಗಳು ಒಂದೇ ಮಾತು ಹೇಳಿದಳು. ಆಮೇಲೆ ಬಿಳಿ ಟೋಪಿಯ ಅಡಿಗೆಯವನು ಬಂದು ಕಾಡುಹಂದಿಯ ಮಾಂಸವನ್ನು ಕೆಂಪು ವೈನಿನಲ್ಲಿ ಎಷ್ಟು ಹೊತ್ತು ನೆನೆಹಾಕಬೇಕು ಅನ್ನುವುದನ್ನು ಸಾವಕಾಶವಾಗಿ ವಿವರಿಸಿದ. ನೆನೊನ ಹೆಸರು ಎಲ್ಲೂ ಬರಲಿಲ್ಲ. ಒಂದು ಗಂಡಾಂತರ ಕಳೆಯಿತು.

ಅವನು ಮೆಲ್ಲಗೆ ಮೇಷ್ಟ್ರ ಪಕ್ಕ ಕೂತು ಕತ್ತು ಉದ್ದ ಮಾಡಿದ. ಫೋಟೊ ಇತ್ತು. ದೇವರು ದೊಡ್ಡವನು, ತೆಗೆದದ್ದು ಹಿಂದಿನಿಂದ! ಕಂಚಿನ ಸಿಪಾಯಿ, ಅವನ ಹೆಗಲ ಮೇಲೆ ಒಂದು ವಿಶಾಲವಾದ ಪ್ಯಾಂಟು, ಅಷ್ಟೆ. ಮುಖ ಇಲ್ಲ.

“ಏನಂತ ಬರ್ದಿದಾರೆ ಮೇಷ್ಟ್ರೇ?”

ಮೇಷ್ಟ್ರು ಗಂಟಲು ಸರಿಮಾಡಿಕೊಂಡು ಪಾಠ ಓದುವ ದನಿಯಲ್ಲಿ ಓದಿದರು. “ಅರಣ್ಯಕ್ಕೆ ಕವಡೆ ಕಾಸಿಲ್ಲ, ಹಸಿದ ಪ್ರಾಣಿ ಊರಿಗೆ. ಮೂವತ್ತನಾಲ್ಕು ವರ್ಷದ ಗುತ್ತಿಗೆ ಕಾರ್ಮಿಕನೊಬ್ಬ ಸ್ಮಾರಕವನ್ನೇರಿ ಪ್ರತಿಭಟನೆ. ಹಂದಿ ಹೋದ ಮೇಲೂ ಅರ್ಧ ಗಂಟೆ ಕೆಳಗಿಳಿಯಲು ನಿರಾಕರಿಸಿದ.”

“ನಿರಾಕರಿಸಲಿಲ್ಲ ಮೇಷ್ಟ್ರೇ,” ನೆನೊ ಪಿಸುಗುಟ್ಟಿದ. “ಇಳಿಯೋಕೆ ಬರ್ಲಿಲ್ಲ. ನನ್ನ ಬೂಟು ಹಿಡ್ಕೊಂಡು ಇಳಿಸಿದ್ದು ನೀವೇ ಅಲ್ವಾ?”

“ಇಳಿಸಿದ್ದು ನಾನೇ,” ಮೇಷ್ಟ್ರು ಕನ್ನಡಕದ ಮೇಲಿನಿಂದ ನೋಡಿದರು. “ಆದ್ರೆ ನೀನು ಯಾಕೆ ಹತ್ತಿದೆ ಅನ್ನೋದು ನಿನಗೆ ಗೊತ್ತಿಲ್ಲ ನೆನೊ. ಅದನ್ನ ಪತ್ರಿಕೆ ಹೇಳುತ್ತೆ.”

ಅಬ್ಬಾ ಅನಿಸಿತು ನೆನೊನಿಗೆ. ತಾನು ಹೆದರಿ ಹತ್ತಿದ್ದು ಅಂದುಕೊಂಡಿದ್ದ. ಒಳಗೊಳಗೇ ತನಗೇ ತಿಳಿಯದ ಹಾಗೆ ಸರಕಾರದ ವಿರುದ್ಧ ಹೋರಾಟ ಮಾಡಿಬಿಟ್ಟಿದ್ದೆನೇ? ಮೂವತ್ತನಾಲ್ಕು ವರ್ಷ ಅಂತ ಬೇರೆ ಬರೆದಿದ್ದಾರೆ. ಅವನು ತನ್ನ ಕೆನ್ನೆ ಸವರಿಕೊಂಡ.

ಆಚೆ ಮೇಜಿನಿಂದ ಸಾಹೇಬರು ಹೂಂಕರಿಸಿದರು. “ಕಾರ್ಮಿಕನಂತೆ! ಇಲ್ಲಿ ಬಾ ನೆನೊ, ಇಲ್ಲಿ ನೋಡು.”

‘ಬಲುವಾರ್ದೊ’ದಲ್ಲಿ ಅದೇ ಫೋಟೊ, ಅದೇ ಪ್ಯಾಂಟು, ಮೇಲೆ ಅಂಗೈ ಅಗಲದ ಅಕ್ಷರ: ‘ನಮ್ಮ ವೀರರ ತಲೆಯ ಮೇಲೆ ಕೂತವರು ಯಾರು?’ ಎಲ್ಲಿಂದಲೋ ಬಂದ ಇಪ್ಪತ್ತರ ಹರೆಯದ ಪರದೇಶಿಯೊಬ್ಬ ಹಾಡಹಗಲೇ ಯುದ್ಧಸ್ಮಾರಕವನ್ನು ಅಪವಿತ್ರಗೊಳಿಸಿದ್ದಾನೆ. ಅದನ್ನು ಸಹಿಸದ ಸ್ಥಳೀಯ ಹಂದಿಯೊಂದು ಅವನನ್ನು ತಡೆಯಲು ಯತ್ನಿಸಿದೆ.

“ಸಾಹೇಬ್ರೇ, ಹಂದಿ ಬಂದಿದ್ದು ಮೊದಲು. ನಾನು ಆಮೇಲೆ...”

“ಮೊದಲು ಆಮೇಲೆ ಎಲ್ಲ ತನಿಖೆ ಮಾಡೋರಿಗೆ ಬಿಡು. ಮೂವತ್ತೈದು ವರ್ಷ ಇಲಾಖೇಲಿದ್ದೆ ನಾನು. ಹಂದಿಗಿರೋ ದೇಶಾಭಿಮಾನ ಈಗಿನೋರಿಗಿಲ್ಲ.”

ನೆನೊ ಬಾಯಿ ತೆರೆದುಕೊಂಡು ಆ ದೊಡ್ಡ ಅಕ್ಷರಗಳನ್ನೇ ನೋಡಿದ. ಅವನ ಹಿಂಭಾಗವನ್ನು ಅದೇಲೆ ಬಿಟ್ಟರೆ ಯಾರೂ ಇಷ್ಟು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ.

“ಅಯ್ಯೋ, ಆ ಪಾಪದ ಮಾತೆಲ್ಲ ಯಾಕೆ ಓದ್ತೀರ?” ಕಿಟಕಿಯ ಬಳಿ ಪಲ್ಮಿರಾ ಅಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು. “ಪವಾಡ ನಡೆದಿದೆ ನೆನೊ, ಪವಾಡ! ಪಟದಲ್ಲಿ ಸಂತ ಅಂತೋನಿ ಕಾಲ ಬುಡದಲ್ಲಿ ಇರೋ ಪ್ರಾಣಿ ಯಾವುದು? ಹಂದಿ ತಾನೇ? ಎಂಬತ್ತು ವರ್ಷದ ಭಕ್ತರೊಬ್ಬರು ಮೇಲೆ ಕೂತು ಪ್ರಾರ್ಥನೆ ಮಾಡಿದ್ರಂತೆ. ಹಂದಿ ಚರ್ಚಿನ ಕಡೆ ತಿರುಗಿ, ತಲೆ ಬಗ್ಗಿಸಿ, ಶಾಂತವಾಗಿ ಹೋಯ್ತಂತೆ.”

“ತಲೆ ಬಗ್ಸಿದ್ದು ಬನ್ನು ತಿನ್ನೋಕೆ ಅಮ್ಮ. ನೀವೂ ಗಾಜಿನ ಹಿಂದಿನಿಂದ ನೋಡ್ತಿದ್ರಲ್ಲ.”

“ನೋಡ್ದೆ. ಆದ್ರೆ ನನ್ನ ಕಣ್ಣಲ್ಲಿ ಪೊರೆ ಇದೆ ಅಂತ ಡಾಕ್ಟ್ರು ಹೇಳಿದಾರೆ. ಬಿಷಪ್ಪರ ಕಣ್ಣಲ್ಲಿ ಪೊರೆ ಇಲ್ಲ.”

“ನೀನು ಪ್ರಾರ್ಥನೆ ಮಾಡ್ತಿದ್ಯೋ, ಬೈತಿದ್ಯೋ ನಂಗೆ ಕೇಳಿಸ್ತಿತ್ತು,” ಓರ್ನೆಲ್ಲಾ ಕಾಫಿ ಯಂತ್ರದ ಹಿಂದಿನಿಂದ ನಕ್ಕಳು. “ನಂದ್ರಲ್ಲಿ ಬಂದಿರೋದೇ ಸರಿ ನೋಡು. ಲೆಕ್ಕ ಇದೆ. ಓಡಿ ಬರದೆ ನಿಂತ ಜಾಗದಿಂದಲೇ ಒಂದು ಮೀಟರ್ ತೊಂಬತ್ತು ಎತ್ತರ! ಈ ಅಪರಿಚಿತ ಆಟಗಾರ ಎಲ್ಲಿ ಅಡಗಿದ್ದ, ನಮ್ಮ ತಂಡಕ್ಕೆ ಗೋಲ್‌ಕೀಪರ್ ಬೇಕಲ್ಲ ಅಂತ ಕೇಳಿದಾರೆ.”

ನೆನೊ ಒಂದು ಕುರ್ಚಿ ಎಳೆದುಕೊಂಡು ಕೂತ. ಎಲ್ಲೂ ಅವನ ಹೆಸರಿಲ್ಲ. ವಯಸ್ಸಿಲ್ಲ. ಪುರಸಭೆಯ ಸುದ್ದಿಯೇ ಇಲ್ಲ. ಕೆಲಸ ಉಳಿಯಿತು! ಹತ್ತು ಮಂದಿ ಲಾಯರು ಸೇರಿದ್ದರೂ ಅವನನ್ನು ಇಷ್ಟು ಚೆನ್ನಾಗಿ ಬಚ್ಚಿಡುತ್ತಿರಲಿಲ್ಲ. ಆದರೆ ಆ ಸಮಾಧಾನದ ಹಿಂದೆಯೇ ಒಂದು ಬೆರಗು ಮೆಲ್ಲಗೆ ಅವನ ಮೈ ತುಂಬಿಕೊಂಡಿತು. ಒಂದು ಹಂದಿ, ಒಂದು ಬನ್ನು, ಮೂರು ನಿಮಿಷ. ಅಷ್ಟರಲ್ಲಿ ಎಷ್ಟು ಲೋಕ! ಒಂದೇ ಪ್ಯಾಂಟಿನೊಳಗೆ ಒಬ್ಬ ಹೋರಾಟಗಾರ, ಒಬ್ಬ ಪರದೇಶಿ, ಒಬ್ಬ ಭಕ್ತ, ಒಬ್ಬ ಗೋಲ್‌ಕೀಪರ್. ಅರವತ್ತನಾಲ್ಕು ವರ್ಷ ಗಿಡಕ್ಕೆ ನೀರು ಹಾಕಿಕೊಂಡಿದ್ದವನೊಳಗೆ ಇವರೆಲ್ಲ ಎಲ್ಲಿದ್ದರು? ಬರೆಯುವವರ ಕೈಗೆ ಮುತ್ತು ಕೊಡಬೇಕು ಅನಿಸಿತು. ಆಗ ಮನೆಗೆ ಎದ್ದು ಹೋಗಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಹೋಗಲು ಬಿಡಬೇಕಲ್ಲ! ಮೇಷ್ಟ್ರಿಗೂ ಸಾಹೇಬರಿಗೂ ಹತ್ತಿಕೊಂಡಿತ್ತು.

“ಎಲ್ಲಿದಾನೆ ನಿಮ್ಮ ಪರದೇಶಿ? ತೋರಿಸ್ರೀ!”

“ಎಲ್ಲಿದೆ ನಿಮ್ಮ ಪ್ರತಿಭಟನೆ? ಒಂದು ಬಾವುಟ ಇತ್ತಾ, ಒಂದು ಘೋಷಣೆ ಇತ್ತಾ?”

“ಮನಸ್ಸಲ್ಲಿ ಇತ್ತು!”

“ಪ್ರಾರ್ಥನೆ ಕಣ್ರಪ್ಪಾ ಅದು, ಪ್ರಾರ್ಥನೆ!” ಅಂದರು ಪಲ್ಮಿರಾ ಅಮ್ಮ.

ಮಾತಿಗೆ ಮಾತು ಬೆಳೆದು ಮೇಷ್ಟ್ರು ‘ತೋರ್ಚಾ’ವನ್ನು ಐಸ್‌ಕ್ರೀಮ್ ಪೆಟ್ಟಿಗೆಯ ಮೇಲೆ ಕುಕ್ಕಿದರು. ಸಾಹೇಬರು ಅದರ ಮೇಲೆ ‘ಬಲುವಾರ್ದೊ’ ಕುಕ್ಕಿದರು. ಪಲ್ಮಿರಾ ಅಮ್ಮ ‘ಕಂಪಾನಾ’ವನ್ನು ಎರಡಕ್ಕೂ ತಾಗದ ಹಾಗೆ ಪಕ್ಕದಲ್ಲಿ ಇಟ್ಟರು. ಓರ್ನೆಲ್ಲಾಳ ಗುಲಾಬಿ ಪತ್ರಿಕೆ ಮೊದಲೇ ಅಲ್ಲಿತ್ತು.

ಆಗಲೇ ಆ ಘಟನೆ ನಡೆದದ್ದು. ಮೂಲೆಯಲ್ಲಿ ಒಬ್ಬ ಹೊಸ ಮನುಷ್ಯ ಕೂತಿದ್ದ. ಐವತ್ತರ ಆಸುಪಾಸು, ಬೂದು ಕೋಟು, ಕಾಲ ಬಳಿ ಚರ್ಮದ ಚೀಲ. ಹಾಲು ಕಾಫಿ ಕುಡಿಯುತ್ತ ಗಡಿಯಾರ ನೋಡುತ್ತಿದ್ದ. ಅವನು ಎದ್ದು ಬಂದು ‘ತೋರ್ಚಾ’ ಎತ್ತಿಕೊಂಡ, ಹಂದಿಯ ಸುದ್ದಿ ಓದಿದ, ಮಡಿಸಿಟ್ಟ. ಸರಿ, ಅಂದುಕೊಂಡರು ಎಲ್ಲರೂ, ಈತ ಮೇಷ್ಟ್ರ ಕಡೆಯವನು. ಆಮೇಲೆ ಅವನು ‘ಬಲುವಾರ್ದೊ’ ಎತ್ತಿಕೊಂಡ. ಬಾರಿನಲ್ಲಿ ಮಾತು ನಿಂತಿತು. ಓದಿ ಮಡಿಸಿ ‘ಕಂಪಾನಾ’ ಎತ್ತಿಕೊಂಡ. ಓರ್ನೆಲ್ಲಾಳ ಕೈಯಲ್ಲಿದ್ದ ಲೋಟದಿಂದ ಹಾಲು ಉಕ್ಕಿ ಚೆಲ್ಲಿತು. ಕೊನೆಗೆ ಗುಲಾಬಿ ಪತ್ರಿಕೆಯನ್ನೂ ಎತ್ತಿಕೊಂಡು, ನಿಂತೇ ಓದಿ, ನಾಲ್ಕನ್ನೂ ಅಂಚಿಗೆ ಅಂಚು ಸೇರಿಸಿ ಇಟ್ಟ.

ನಾಲ್ಕೂ! ಒಬ್ಬನೇ ಮನುಷ್ಯ! ನಮ್ಮ ಚೌಕದಲ್ಲಿ ಹಂದಿ ಬಂದದ್ದಕ್ಕಿಂತ ದೊಡ್ಡ ಆಶ್ಚರ್ಯ ಇದು. ನನಗೆ ತಿಳಿದ ಹಾಗೆ ಕಸ್ತೆಲ್‌ಫೋಸ್ಕೊದಲ್ಲಿ ಹಾಗೆ ಹಿಂದೆ ಯಾರೂ ಮಾಡಿಲ್ಲ.

“ವರದಿಗಾರ,” ಓರ್ನೆಲ್ಲಾ ಉಸಿರಿನಲ್ಲೇ ಅಂದಳು. “ಬೇರೆ ಯಾರಿಗೆ ಬೇಕು ನಾಲ್ಕೂ?”

ಅದು ಎಲ್ಲರಿಗೂ ತಕ್ಷಣ ಒಪ್ಪಿಗೆಯಾಯಿತು. ಸಂಬಳ ಕೊಡದೆ ಅಂಥ ಕೆಲಸ ಯಾರೂ ಮಾಡುವುದಿಲ್ಲ. ಸಾಹೇಬರು ಟೈ ಸರಿಮಾಡಿಕೊಂಡರು. ಮೇಷ್ಟ್ರು ಮುಂದೆ ಬಂದು ಕೇಳಿದರು, “ನೀವು ಬರೆಯೋದು ಎಲ್ಲಿಗೆ ಹೋಗುತ್ತೆ ಸ್ವಾಮಿ?”

“ನಾನಾ? ರೋಮಿಗೆ,” ಅಂದ ಆತ.

ರೋಮು! ಬಾರಿನ ಉದ್ದಕ್ಕೂ ಒಂದು ನಿಟ್ಟುಸಿರು ಹಾದುಹೋಯಿತು.

“ಬರೆಯೋದಾದ್ರೆ ಸರಿಯಾಗಿ ಬರೀರಿ,” ಸಾಹೇಬರು ಬೆರಳು ಎತ್ತಿದರು. “ಈ ‘ತೋರ್ಚಾ’ದೋರ ಥರ ಬಣ್ಣ ಕಟ್ಟಬೇಡಿ.”

“ನಾನು ಬಣ್ಣ ಕಟ್ಟಲ್ಲ. ಇದ್ದದ್ದು ಇದ್ದ ಹಾಗೆ ಬರೀತೀನಿ. ಬರೆಯೋಕೆ ಜಾಗವೂ ಕಮ್ಮಿ ಇರುತ್ತೆ,” ಅಂದು ಆತ ನಕ್ಕ. “ಆದ್ರೆ ನಾಲ್ಕು ಓದಿದ್ರೂ ಒಂದು ಗೊತ್ತಾಗ್ಲಿಲ್ಲ ನೋಡಿ. ಮೇಲೆ ಕೂತಿದ್ದು ಯಾರು?”

ನೆನೊ ಕಣ್ಣಲ್ಲೇ ಎಲ್ಲರನ್ನೂ ಬೇಡಿಕೊಂಡ. ಬೇಡ, ದಮ್ಮಯ್ಯ. ಅವನ ರಜೆಯ ವಿಷಯ ಎಲ್ಲರಿಗೂ ಗೊತ್ತು, ಯಾರೂ ಕೆಟ್ಟವರಲ್ಲ. ನಾಲ್ವರೂ ತುಟಿ ಬಿಗಿದುಕೊಂಡು ಚಾವಣಿ ನೋಡಿದರು. ಆದರೆ ಸಾಹೇಬರಿಗೆ ಎಷ್ಟು ಹೊತ್ತು ಅಂತ ತಡೆಯಲಾದೀತು?

“ಯಾರಾದ್ರೇನು, ಪರದೇಶಿ ಅನ್ನೋದಂತೂ ಖಂಡಿತ.”

“ಪರದೇಶಿ ಅಂತೆ!” ಮೇಷ್ಟ್ರು ಸಿಡಿದರು. “ನೆನೊ ಪರದೇಶಿ ಏನ್ರೀ? ಅವರಪ್ಪ ಇಲ್ಲೇ ಹುಟ್ಟಿದ್ದು, ಅವರಜ್ಜ ಇಲ್ಲೇ ಹುಟ್ಟಿದ್ದು!”

ಆಡಿದ ಮೇಲೆ ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಎಲ್ಲರ ಕಣ್ಣೂ ನೆನೊನ ಮೇಲೆ ಬಿತ್ತು. ಆ ಹೊಸಬನೂ ತಿರುಗಿ ನೋಡಿದ. ನೋಡಿದ ರೀತಿಯಲ್ಲಿ ಗೇಲಿ ಇರಲಿಲ್ಲ, ಬೆರಗಿತ್ತು.

“ನೀವಾ? ಈ ವಯಸ್ಸಲ್ಲಿ? ಅಷ್ಟು ಎತ್ತರ?”

ಅದೇಲೆ ಹೇಳಿಕೊಟ್ಟ ಮಾತು ನೆನೊನ ನಾಲಿಗೆಯ ತುದಿಗೆ ಬಂತು. ನಂಗೊತ್ತಿಲ್ಲ ಅಂದುಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ರೋಮಿನಿಂದ ಬಂದ ಮನುಷ್ಯ! ಹಾರಿದವನು ತಾನು, ಪ್ರಾಣ ಕೈಯಲ್ಲಿ ಹಿಡಿದುಕೊಂಡವನು ತಾನು. ಹೆಸರು ಮಾತ್ರ ಯಾರು ಯಾರಿಗೋ. ಎಂಬತ್ತು ವರ್ಷದ ಭಕ್ತನಂತೆ. ಹೊಟ್ಟೆ ಉರಿಯಿತು.

“ನಾನೇ,” ಅಂದ ನೆನೊ.

“ಆಮೇಲೆ?” ಅಂದ ಆತ. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದ.

ಆಮೇಲೆ ಅನ್ನುವ ಮಾತಿನಲ್ಲಿ ಎಂಥ ಶಕ್ತಿ ಇದೆ ಅಂತ ಕೇಳಿಸಿಕೊಂಡವರಿಗೇ ಗೊತ್ತು. ನೆನೊ ಎಲ್ಲ ಹೇಳಿದ. ಕಾಫಿಪುಡಿ ಮುಗಿದದ್ದು, ಬನ್ನು, ಹಂದಿಯ ಉಸಿರು ಹಿಮ್ಮಡಿಗೆ ತಾಕಿದ್ದು, ಸಿಪಾಯಿಯ ಕಂಚಿನ ಕಿವಿ ತಣ್ಣಗೆ ಕೈಗೆ ಸಿಕ್ಕಿದ್ದು. ಆತ ತಡೆಯಲಿಲ್ಲ, ತಿದ್ದಲಿಲ್ಲ, ಸರಕಾರದ ಹೆಸರೆತ್ತಲಿಲ್ಲ, ದೇವರ ಹೆಸರೆತ್ತಲಿಲ್ಲ. ಬರೆದುಕೊಂಡ. ಹೆಸರು ಕೇಳಿದಾಗ ಮನೆ ಎಲ್ಲಿ ಅನ್ನುವುದನ್ನೂ ಓರ್ನೆಲ್ಲಾ ಸೇರಿಸಿದಳು: “ಇಲ್ಲೇ, ಹಸಿರು ಬಾಗಿಲು, ಮುಂದೆ ಜೆರೇನಿಯಂ ಕುಂಡಗಳಿವೆ.”

“ಹೊತ್ತು ಎಷ್ಟಾಗಿತ್ತು?”

“ಹನ್ನೊಂದು ಇಪ್ಪತ್ತು,” ಅಂದ ನೆನೊ ಹೆಮ್ಮೆಯಿಂದ.

ಆತ ಗಡಿಯಾರ ನೋಡಿದ. “ಈಗ ಹತ್ತಕ್ಕೆ ಐದು ನಿಮಿಷ ಇದೆ. ನೀವು ಮನೆಗೆ ಹೋಗೋದಿಲ್ವಾ?”

ನೆನೊ ಬೆಂಕಿ ತಾಕಿದವನ ಹಾಗೆ ಎದ್ದ. ಎಂಥ ಒಳ್ಳೆಯ ಮನುಷ್ಯ! ತನ್ನ ಸುದ್ದಿಗಿಂತ ಇನ್ನೊಬ್ಬನ ಕಷ್ಟ ನೋಡುವ ವರದಿಗಾರ ಇಟಲಿಯಲ್ಲಿ ಇನ್ನೂ ಉಳಿದಿದ್ದಾನೆ. ಎರಡೂ ಕೈಯಲ್ಲಿ ಆತನ ಕೈ ಕುಲುಕಿ, ಚೌಕ ದಾಟಿ ಓಡಿದ.

ಚರ್ಚಿನ ಗಂಟೆ ಹತ್ತು ಹೊಡೆಯುವಾಗ ನೆನೊ ಹಾಸಿಗೆಯಲ್ಲಿದ್ದ. ಸೊಂಟಕ್ಕೆ ಉಣ್ಣೆಯ ಶಾಲು, ತಲೆದಿಂಬಿನ ಬಳಿ ಮುಲಾಮು. ಹತ್ತೂ ಹತ್ತಕ್ಕೆ ಕರೆಗಂಟೆ ಕೂಗಿತು. ತಪಾಸಣೆ ಡಾಕ್ಟರು! ಸದ್ಯ, ಮನೆಯಲ್ಲಿದ್ದೇನೆ. ಕಿಟಕಿಯ ಪರದೆ ಸರಿಸಿ ಕೆಳಗೆ ನೋಡಿದರೆ ಬೂದು ಕೋಟು, ಚರ್ಮದ ಚೀಲ. ವರದಿಗಾರ! ಫೋಟೊ ತೆಗೆಯಲು ಬಂದಿದ್ದಾನೆ. ಈ ಸಲ ಮುಂದಿನಿಂದ. ನೆನೊ ಶಾಲು ಕಿತ್ತೆಸೆದು, ತಲೆ ಬಾಚಿಕೊಂಡು, ಎರಡು ಮೆಟ್ಟಿಲಿಗೊಂದು ಹೆಜ್ಜೆ ಹಾಕಿಕೊಂಡು ಇಳಿದ.

“ಬನ್ನಿ ಬನ್ನಿ, ನಿಮ್ಮನೆ ಅಂದ್ಕೊಳ್ಳಿ!”

“ಮಲಗಿರ್ತೀರಿ ಅಂದ್ಕೊಂಡಿದ್ದೆ,” ಅಂದ ಆತ. “ಸೊಂಟ ಹೇಗಿದೆ?”

“ಸೊಂಟದ ಮಾತು ಬಿಡಿ.” ನೆನೊ ಅವನನ್ನು ಅಡಿಗೆಮನೆಗೆ ಕರೆದೊಯ್ದು ಕೂರಿಸಿ, ಬಾಗಿಲು ಹಾಕಿ, ದನಿ ತಗ್ಗಿಸಿದ. “ಬಾರಲ್ಲಿ ಹೇಳದ ಒಂದು ಮಾತಿದೆ. ಯಾವ ಪತ್ರಿಕೇಲೂ ಇಲ್ಲ. ನನ್ನ ಹೆಂಡತಿಗೂ ಗೊತ್ತಿಲ್ಲ. ಬರ್ಕೊಳ್ಳಿ.”

ಆತ ಪೆನ್ನು ತೆಗೆದ.

“ನಿನ್ನೆ ಹಾರಿದ್ನಲ್ಲ, ಆಗ ಸೊಂಟದೊಳಗೆ ‘ಟಕ್’ ಅಂತ ಏನೋ ಸರಿಯಾಗಿ ಕೂತ್ಕೊಳ್ತು ನೋಡಿ. ಅಷ್ಟೆ! ಅವಾಗಿಂದ ನೋವೇ ಇಲ್ಲ! ನೂಲಿನಷ್ಟೂ ಇಲ್ಲ! ಮದುವೆ ದಿ‌ನ ಇದ್ದ ಹಾಗಿದೀನಿ. ಪಲ್ಮಿರಾ ಅಮ್ಮ ಪವಾಡ ಅಂತಾರಲ್ಲ, ಪವಾಡ ಆಗಿದ್ದು ಇಲ್ಲಿ!” ಅಂತ ಸೊಂಟ ತಟ್ಟಿ ತೋರಿಸಿದ. ಆತ ನಂಬಲಿಲ್ಲವೋ ಏನೋ ಅಂತ ಅನುಮಾನ ಬಂತು. “ನೋಡಿ ಬೇಕಾದ್ರೆ!”

ಅಂದವನೇ ಎರಡು ಕಾಲೂ ಜೋಡಿಸಿ ನೆಲದಿಂದ ಊಟದ ಮೇಜಿನ ಮೇಲಕ್ಕೆ ನೆಗೆದ. ಗೋಡೆಯ ತಟ್ಟೆಗಳು ಗಲಗಲ ಅಂದವು. ಅರವತ್ತನಾಲ್ಕು ವರ್ಷದ ಮನುಷ್ಯ ಸೊಂಟದ ಮೇಲೆ ಕೈ ಇಟ್ಟುಕೊಂಡು, ಗದ್ದ ಎತ್ತಿ, ಫೋಟೊಗೆ ನಿಂತ.

“ಅದ್ಭುತ,” ಅಂದ ಆತ. ನಿಜವಾಗಿಯೂ ಅವನಿಗೆ ಹಾಗೇ ಅನಿಸಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎಷ್ಟೋ ಸೊಂಟ ನೋಡಿದ್ದ, ಇಂಥದನ್ನು ನೋಡಿರಲಿಲ್ಲ. ಚೀಲ ತೆರೆದು ಒಂದು ಗುರುತಿನ ಚೀಟಿಯನ್ನೂ ಒಂದು ಅಚ್ಚಾದ ಹಾಳೆಯನ್ನೂ ಮೇಜಿನ ಮೇಲೆ, ನೆನೊನ ಕಾಲ ಬಳಿ ಇಟ್ಟ. “ನಾನು ತಪಾಸಣೆ ಡಾಕ್ಟ್ರು, ಚೆಕ್ಕರೆಲ್ಲಿಯವರೇ. ಬಾರಲ್ಲೇ ಹೇಳ್ಬೇಕು ಅಂತಿದ್ದೆ. ಹತ್ತು ಗಂಟೆಗೆ ಮುಂಚೆ ಹೇಳೋದು ನಿಯಮ ಅಲ್ಲ.”

ನೆನೊ ಮೇಜಿನ ಮೇಲೇ ನಿಧಾನವಾಗಿ ಕುಕ್ಕುರುಗಾಲಲ್ಲಿ ಕೂತ. ಮುಖ ಸುಣ್ಣದಂತಾಗಿತ್ತು.

“ಸಾರ್, ಅದು ನಾನಲ್ಲ. ಪತ್ರಿಕೆ ನೋಡಿ! ಮೂವತ್ತನಾಲ್ಕು ವರ್ಷದೋನು ಅಂತಿದೆ. ಪರದೇಶಿ ಅಂತಿದೆ. ಎಂಬತ್ತು ಅಂತಿದೆ! ಅಚ್ಚಾಗಿದೆಯಲ್ಲ ಸಾರ್!”

“ನಾಲ್ಕೂ ಓದಿದೆ,” ಅಂದರು ಡಾಕ್ಟರು ಬೇಸರದಿಂದ. “ಅದಕ್ಕೇ ನಿಮ್ಮನ್ನ ಕೇಳಿದ್ದು.”

ಅವರು ಹಾಳೆ ತುಂಬಿಸತೊಡಗಿದರು. ನೆನೊ ಮೇಜಿನಿಂದ ಇಳಿದು ಎದುರಿನ ಕುರ್ಚಿಯಲ್ಲಿ ಕೂತು, ಮೂರು ವರ್ಷದ ಸಂಬಳ, ಪಿಂಚಣಿ, ಅದೇಲೆಯ ಮುಖ, ಎಲ್ಲವೂ ಆ ಪೆನ್ನಿನ ತುದಿಯಿಂದ ಹರಿದು ಹೋಗುವುದನ್ನು ನೋಡಿದ. ಡಾಕ್ಟರು ಬರೆದು ಮುಗಿಸಿ ಅವನ ಕಡೆ ತಿರುಗಿಸಿದರು. ಮನುಷ್ಯ ಕಟುಕನಲ್ಲ, ಪೆನ್ನು ಕೊಡುವ ಮುಂಚೆ ಸ್ವಲ್ಪ ಹತ್ತಿರ ಬಾಗಿದರು.

“ನೋಡಿ, ನಾನು ಕಂಡಿದ್ದು ಕೇಳಿದ್ದು ಬರೀಲೇಬೇಕು. ಆದ್ರೆ ನೀವು ಒಪ್ಪಲೇಬೇಕು ಅಂತೇನಿಲ್ಲ. ಕೆಳಗೆ ‘ಇದು ಸರಿಯಿಲ್ಲ, ನಾನು ಒಪ್ಪಲ್ಲ’ ಅಂತ ಒಂದು ಸಾಲು ಬರೆದ್ರೆ ವಿಚಾರಣೆಗೆ ಹೋಗುತ್ತೆ. ನಮ್ಮ ವಿಚಾರಣೆ ಗೊತ್ತಲ್ಲ? ನಾಲ್ಕು ವರ್ಷಕ್ಕೆ ಕಮ್ಮಿ ಯಾವುದೂ ಮುಗಿದಿಲ್ಲ. ಅಷ್ಟರಲ್ಲಿ ನಿಮ್ಮ ಪಿಂಚಣಿ ಬಂದಿರುತ್ತೆ. ಅರ್ಥ ಆಯ್ತಾ?”

ಅರ್ಥ ಆಗದೆ ಏನು? ನೆನೊನ ಕಣ್ಣು ತುಂಬಿ ಬಂತು. ಒಂದೇ ಸಾಲು! ಪೆನ್ನು ಹಿಡಿದ. ಯಾವುದನ್ನು ಸರಿಯಿಲ್ಲ ಅನ್ನಬೇಕು ಅಂತ ಹುಡುಕಲು ಹಾಳೆಯನ್ನು ಹತ್ತಿರ ಎಳೆದುಕೊಂಡು, ಬೆರಳಿಟ್ಟು, ಮೊದಲಿನಿಂದ ಓದಿದ.

‘ನಜ್ಜರೇನೊ ಚೆಕ್ಕರೆಲ್ಲಿ, ವಯಸ್ಸು ಅರವತ್ತನಾಲ್ಕು, ಪುರಸಭೆಯ ಮಾಲಿ. ಮನೆಯಲ್ಲಿ ಕಾಫಿಪುಡಿ ಮುಗಿದ ಕಾರಣ ಬುಧವಾರ ಹನ್ನೊಂದು ಗಂಟೆಗೆ ಹೊರಗೆ ಹೋದರು. ಕಾಡುಹಂದಿ ಬಂತು. ಹೆದರಿ, ಹನ್ನೊಂದು ಇಪ್ಪತ್ತಕ್ಕೆ ಕಂಚಿನ ಸಿಪಾಯಿಯ ಹೆಗಲ ಮೇಲಕ್ಕೆ ಹಾರಿದರು. ಹಂದಿ ಬನ್ನು ತಿಂದು ಹೋಯಿತು. ಹಾರುವಾಗ ಸೊಂಟ ಸರಿಹೋಯಿತು. ಈ ದಿನ ನನ್ನ ಎದುರಿನಲ್ಲಿ ನೆಲದಿಂದ ಮೇಜಿನ ಮೇಲಕ್ಕೆ ಹಾರಿ ತೋರಿಸಿದರು.’

ನೆನೊ ಇನ್ನೊಮ್ಮೆ ಓದಿದ. ಹೆಸರು ಸರಿ. ವಯಸ್ಸು ಸರಿ. ಹಂದಿ ಮೊದಲು, ತಾನು ಆಮೇಲೆ, ಅದೂ ಸರಿ. ಹೆದರಿ ಅಂತ ಬರೆದಿದ್ದಾರೆ, ಹೌದು, ಹೆದರಿಯೇ. ಬನ್ನನ್ನು ಕೂಡ ಬಿಟ್ಟಿರಲಿಲ್ಲ. ಅವನ ಮೈಯೆಲ್ಲ ಜುಮ್ಮೆಂದಿತು. ಇಡೀ ದೇಶದ ಪತ್ರಿಕೆ, ಟೀವಿ ಎಲ್ಲ ಸೇರಿ ಮಾಡಲಾಗದ್ದನ್ನು ಈ ಮನುಷ್ಯ ಒಂದು ಸರಕಾರಿ ಹಾಳೆಯಲ್ಲಿ ಮಾಡಿಬಿಟ್ಟಿದ್ದಾನೆ.

“ಅಬ್ಬಾ, ಏನು ಬರ್ದಿದೀರಿ ಸಾರ್! ಒಂದು ಅಕ್ಷರ ಹೆಚ್ಚಿಲ್ಲ, ಒಂದು ಅಕ್ಷರ ಕಮ್ಮಿ ಇಲ್ಲ!”

“ಒಪ್ಪಲ್ಲ ಅಂತ ಬರೀರಿ,” ಡಾಕ್ಟರು ಗಾಬರಿಯಿಂದ ಅಂದರು.

“ಇದನ್ನ ಸರಿಯಿಲ್ಲ ಅಂತ ಹೇಗೆ ಬರೀಲಿ ಸಾರ್?” ಅಂದ ನೆನೊ. ಕಣ್ಣು ಒರೆಸಿಕೊಂಡು ತನ್ನ ಪೂರ್ತಿ ಹೆಸರಿನ ಸಹಿ ಹಾಕಿದ.